ಕ್ಯಾಪ್ ಹಾಕಿದ ಹಲ್ಲು ಮಾತ್ರ ಸುಣ್ಣದ ಹಾಗೆ ಬೆಳ್ಳಗಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇವೆ. ಮೂರು ತಿಂಗಳ ಹಿಂದೆ ನೀರು ಹಿಡಿಯುವಾಗ ಜಾರಿ, ತೊಟ್ಟಿ ಕಟ್ಟೆಗೆ ಮುಖ ಹೊಡೆದು ಮೇಲಿನ ಮುಂಬಲ್ಲು ಅರ್ಧಕ್ಕೆ ಮುರಿಯಿತು. ರೂಟ್ ಕೆನಾಲ್ ಮಾಡಿ, ಒಳಗೆ ಕಡ್ಡಿ ಕೂರಿಸಿ, ಜಿರ್ಕೋನಿಯಾ ಕ್ಯಾಪ್ ಹಾಕಿದ್ದಾರೆ. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಬಹಳ ಜನಕ್ಕೆ ಹಲ್ಲಿನ ಮೇಲೆ ಕಂದು ಗೆರೆ. ನನಗೂ ಇದೆ. ಈಗ ಸುತ್ತಲ ಹಲ್ಲೆಲ್ಲ ಕಂದು, ಇದೊಂದು ಮಾತ್ರ ಬೆಳ್ಳಗೆ ಎದ್ದು ಕಾಣುತ್ತೆ. ನಾದಿನಿ ‘ಸುಣ್ಣ ಬಳಿದ ಹಾಗಿದೆ’ ಅಂದಳು. ಅವತ್ತಿನಿಂದ ಸೆರಗು ಅಡ್ಡ ಹಿಡಿದುಕೊಂಡೇ ನಗುತ್ತೇನೆ. ಹಾಕಿದ ಡಾಕ್ಟರನ್ನು ಕೇಳಿದರೆ ‘ಟೀ ಕುಡೀತಾ ಕುಡೀತಾ ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತೆ’ ಅಂದರು. ನಿಜವಾ? ಉಳಿದ ಹಲ್ಲುಗಳನ್ನು ಬ್ಲೀಚ್ ಮಾಡಿಸಿದರೆ ಸರಿಹೋಗುತ್ತಾ? ಕ್ಯಾಪ್ ತೆಗೆಸಿ ಬೇರೆ ಹಾಕಿಸೋಣ ಅಂದರೆ, ತೆಗೆಯುವಾಗ ಹಲ್ಲಿನ ಬೇರು ಮುರಿದುಹೋಗುತ್ತೆ ಅಂತ ಹೆದರಿಸುತ್ತಾರೆ. 10 ವರ್ಷದ ಗ್ಯಾರಂಟಿ ಕಾರ್ಡ್ ಕೊಟ್ಟಿದ್ದಾರೆ. ಆ ಜಾಗದಲ್ಲಿ ವಸಡು ಕೆಂಪಗಿದೆ, ಉಜ್ಜಿದರೆ ರಕ್ತ ಬರುತ್ತೆ, ಅದಕ್ಕೆ ಅಲ್ಲಿ ಜಾಸ್ತಿ ಬ್ರಷ್ ಆಡಿಸುವುದಿಲ್ಲ. ಮುದ್ದೆ, ಚಕ್ಕುಲಿ ತಿನ್ನಬಹುದಾ ಅದೂ ತಿಳಿಸಿ. ಎರಡು ತಿಂಗಳಿಗೆ ತಮ್ಮನ ಮದುವೆ ಇದೆ.

ಉತ್ತರ: ನೀವು ಬಣ್ಣದ ಬಗ್ಗೆ ಹತ್ತು ಸಾಲು ಬರೆದು, ರಕ್ತದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಾನು ಆ ಒಂದು ಸಾಲನ್ನು ಎರಡು ಸಲ ಓದಿದೆ. ಸೆರಗು ಅಡ್ಡ ಹಿಡಿದು ನಗುವುದು ಸಣ್ಣ ವಿಷಯವಲ್ಲ, ಒಪ್ಪಿದೆ. ಆದರೆ ಆ ಹಲ್ಲು ನಿಮ್ಮ ಬಾಯಲ್ಲಿ ಎಷ್ಟು ವರ್ಷ ಇರುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ವಸಡು, ಬಣ್ಣ ಅಲ್ಲ. ಅಷ್ಟೇ ಅಲ್ಲ, ವಸಡು ಸರಿಹೋಗುವವರೆಗೆ ಬಣ್ಣವನ್ನೂ ಸರಿ ಮಾಡಲು ಆಗುವುದಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಕ್ಯಾಪ್ ಹಾಕಿದ ಮೊದಲ ವಾರ, ಹತ್ತು ದಿನ ವಸಡು ಸ್ವಲ್ಪ ಕೆಂಪಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಲ್ಲು ಅರೆಯುವಾಗ, ಅಳತೆ ತೆಗೆಯುವಾಗ ಅಲ್ಲಿ ಗೀರು ಬಿದ್ದಿರುತ್ತದೆ, ಮಾಯುತ್ತದೆ. ಮೂರು ತಿಂಗಳಾದರೂ ರಕ್ತ ಬರುತ್ತಿದೆ ಅಂದರೆ ಅಲ್ಲಿ ಏನೋ ಕೂತಿದೆ. ಒಂದು, ಕ್ಯಾಪ್ ಅಂಟಿಸಿದ ಸಿಮೆಂಟಿನ ಚೂರು ವಸಡಿನ ಕೆಳಗೆ ಉಳಿದಿರಬಹುದು. ಅಕ್ಕಿಕಾಳಿನ ಕಾಲುಭಾಗದಷ್ಟು ಚೂರು ಸಾಕು, ಅದು ಇರುವವರೆಗೆ ವಸಡು ಕೆರಳಿಕೊಂಡೇ ಇರುತ್ತದೆ. ಇನ್ನೊಂದು, ಕ್ಯಾಪಿನ ಅಂಚು ವಸಡಿನೊಳಗೆ ತೀರಾ ಆಳಕ್ಕೆ ಹೋಗಿರಬಹುದು, ಇಲ್ಲವೇ ಅಂಚು ದಪ್ಪವಾಗಿ ಉಬ್ಬಿರಬಹುದು. ಮೂರನೆಯದು ನೀವೇ ಬರೆದಿದ್ದೀರಿ: ಅಲ್ಲಿ ಬ್ರಷ್ ಆಡಿಸುತ್ತಿಲ್ಲ. ರಕ್ತ ಬರುತ್ತದೆ ಅಂತ ಉಜ್ಜುವುದಿಲ್ಲ, ಉಜ್ಜದೆ ಇರುವುದಕ್ಕೆ ಇನ್ನೂ ರಕ್ತ ಬರುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಇವತ್ತು ರಾತ್ರಿಯಿಂದಲೇ ಮೆತ್ತನೆ ಬ್ರಷ್ ತಗೊಂಡು, ವಸಡು ಮತ್ತು ಕ್ಯಾಪ್ ಸೇರುವ ಗೆರೆಯ ಮೇಲೆ ಓರೆಯಾಗಿ ಇಟ್ಟು, ನಿಧಾನಕ್ಕೆ ಆಡಿಸಿ. ರಕ್ತ ಬಂದರೆ ಬರಲಿ. ಎಂಟು-ಹತ್ತು ದಿನದಲ್ಲಿ ಕಡಿಮೆಯಾದರೆ ಕಾರಣ ಕೊಳೆ ಅಂತ ಅರ್ಥ. ಆಗಲಿಲ್ಲ ಅಂದರೆ ಕ್ಯಾಪ್ ಹಾಕಿದ ಡಾಕ್ಟರ ಹತ್ತಿರವೇ ಹೋಗಿ ‘ಸಿಮೆಂಟ್ ಉಳಿದಿದೆಯಾ ನೋಡಿ, ಒಂದು ಎಕ್ಸ್‌ರೇ ತೆಗೀರಿ’ ಅನ್ನಿ. ಚೂರು ಇದ್ದರೆ ತೆಗೆಯುವುದು ಐದು ನಿಮಿಷದ ಕೆಲಸ. ಅಂಚೇ ತಪ್ಪಾಗಿದ್ದರೆ ಮಾತ್ರ ಬಣ್ಣ ಹೇಗೇ ಇರಲಿ, ಆ ಕ್ಯಾಪ್ ಬದಲಾಯಿಸಲೇಬೇಕು.

ಈಗ ಟೀ ವಿಷಯ. ಟೀ ಕುಡಿದರೆ ಕ್ಯಾಪ್ ಹೊಂದಿಕೊಳ್ಳುವುದಿಲ್ಲ. ಕ್ಯಾಪಿನ ಮೇಲ್ಮೈ ಪಿಂಗಾಣಿ ಬಟ್ಟಲಿನ ಹಾಗೆ. ಬಟ್ಟಲಲ್ಲಿ ಟೀ ಕರೆ ಕೂತರೂ ತೊಳೆದರೆ ಹೋಗುತ್ತದೆ, ಪಿಂಗಾಣಿಯ ಒಳಗೆ ಇಳಿಯುವುದಿಲ್ಲ ಅಲ್ವಾ? ಇಲ್ಲೂ ಹಾಗೇ. ನಿಜವಾದ ಹಲ್ಲಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ನಿಮ್ಮ ಹಾಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಅಂಶದ ಹೊಡೆತ ತಿಂದ ಹಲ್ಲಿನಲ್ಲಿ ಇನ್ನೂ ಜಾಸ್ತಿ. ಟೀ, ಎಲೆಅಡಿಕೆ, ಹೊಗೆಸೊಪ್ಪು ಎಲ್ಲದರ ಬಣ್ಣವನ್ನೂ ಅದು ಹೀರಿಕೊಳ್ಳುತ್ತದೆ. ಅಂದರೆ ವರ್ಷ ಕಳೆದ ಹಾಗೆ ಪಕ್ಕದ ಹಲ್ಲು ಇನ್ನಷ್ಟು ಕಂದಾಗುತ್ತದೆ, ಕ್ಯಾಪ್ ಇದ್ದ ಹಾಗೇ ಇರುತ್ತದೆ. ಅಂತರ ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ. ನಿಮ್ಮ ಡಾಕ್ಟರು ಸಮಾಧಾನಕ್ಕೆ ಹೇಳಿರಬೇಕು. ಮೂರು ತಿಂಗಳ ಹಿಂದಿನ ಆಘಾತ ನೆನೆದು ನೀವು ಅಳುತ್ತಾ ಕೂತಿದ್ದರೆ ನಾನೂ ಅಂಥದ್ದೇನಾದರೂ ಹೇಳಿಬಿಡುತ್ತಿದ್ದೆನೇನೋ.

ಹಾಗಾದರೆ ಇಷ್ಟು ಬೆಳ್ಳಗೆ ಯಾಕಾಯಿತು? ಇದಕ್ಕೆ ಒಂದು ಕಾರಣ ಅಂತ ಇರುವುದಿಲ್ಲ.

ಹಲ್ಲಿನ ಬಣ್ಣ ನೋಡಲು ನಮ್ಮಲ್ಲಿ ಶೇಡ್ ಗೈಡ್ ಅಂತ ಒಂದು ಪಟ್ಟಿ ಇರುತ್ತದೆ. ಹೆಚ್ಚಿನ ಕ್ಲಿನಿಕ್‌ಗಳಲ್ಲಿರುವುದು ವೀಟಾ ಕಂಪನಿಯದು. ಅದರಲ್ಲಿ 16 ಪುಟ್ಟ ಹಲ್ಲುಗಳು ಸಾಲಾಗಿ ಸಿಕ್ಕಿಸಿರುತ್ತವೆ. ಎ, ಬಿ, ಸಿ, ಡಿ ಅಂತ ನಾಲ್ಕು ಬಣ್ಣದ ಮನೆತನ. ಎ ಅಂದರೆ ಕೆಂಗಂದು ಛಾಯೆ, ಬಿ ಹಳದಿ ಕಡೆಗೆ, ಸಿ ಬೂದು, ಡಿ ಕೆಂಪು ಬೆರೆತ ಬೂದು. ಪಕ್ಕದ ಅಂಕಿ ಜಾಸ್ತಿಯಾದಷ್ಟೂ ಗಾಢ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯಿಂದ ಬರುವವರ ಹಲ್ಲಿಗೆ ಈ 16ರಲ್ಲಿ ಒಂದೂ ಹೊಂದುವುದಿಲ್ಲ. ಒಂದೇ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಅದರ ಕೆಳಗೆ ಜೇನಿನ ಬಣ್ಣದ ಪಟ್ಟೆ, ನಡುವೆ ಕಾಫಿಪುಡಿ ಉದುರಿದ ಹಾಗೆ ಚುಕ್ಕೆ. ಇದನ್ನು ಎ2 ಅನ್ನುತ್ತೀರಾ, ಎ4 ಅನ್ನುತ್ತೀರಾ? ಕ್ಯಾಪ್ ತಯಾರಿಸುವ ಲ್ಯಾಬಿಗೆ ಬರೆಯುವ ಚೀಟಿಯಲ್ಲಿ ‘ಶೇಡ್’ ಅನ್ನುವ ಕಡೆ ಬಿಟ್ಟಿರುವ ಜಾಗ ಒಂದಿಂಚು. ಡಾಕ್ಟರು ಏನೋ ಒಂದು ಬರೆಯುತ್ತಾರೆ. ಲ್ಯಾಬಿನವರು ಅದನ್ನೇ ಮಾಡಿ ಕಳಿಸುತ್ತಾರೆ. ಅವರು ನಿಮ್ಮ ಮುಖ ನೋಡಿಯೇ ಇರುವುದಿಲ್ಲ.

ಈ ಕಂದು ಗೆರೆ ನಿಮ್ಮ ತಪ್ಪಲ್ಲ, ಸರಿಯಾಗಿ ಉಜ್ಜದೆ ಬಂದದ್ದೂ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಆಳದ ಬೋರ್‌ವೆಲ್ ನೀರಿನಲ್ಲಿ ಇದು ಮೀರಿದಾಗ, ಚಿಕ್ಕ ವಯಸ್ಸಿನಲ್ಲಿ ವಸಡಿನೊಳಗೆ ಹಲ್ಲು ತಯಾರಾಗುವಾಗಲೇ ಅದರ ಮೇಲ್ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹುಟ್ಟಿದ ಮೇಲೆ ಆ ಪೊಳ್ಳು ಜಾಗದಲ್ಲಿ ಬಣ್ಣ ಇಳಿಯುತ್ತದೆ. ಎಂಟು ವರ್ಷ ದಾಟಿದ ಮೇಲೆ ನೀರು ಕುಡಿದು ಮುಂಬಲ್ಲಿಗೆ ಹೊಸದಾಗಿ ಇದು ಬರುವುದಿಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರು ಕುಡಿಯುವ ನೀರಿನ ಬಗ್ಗೆ ಯೋಚಿಸಿ.

ಮತ್ತೆ ಕ್ಯಾಪಿಗೆ ಬರೋಣ. ಜಿರ್ಕೋನಿಯಾ ಅನ್ನುವುದು ಸೀಮೆಸುಣ್ಣದಂಥ ಬಿಳಿ ಬಿಲ್ಲೆಯಿಂದ ಕೊರೆದು ತೆಗೆಯುವ ವಸ್ತು. ಯಂತ್ರ ಅದನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯುತ್ತದೆ. ಆಮೇಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಬೇಯಿಸಿದಾಗ ಐದನೇ ಒಂದು ಭಾಗದಷ್ಟು ಕುಗ್ಗಿ, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ದವಡೆ ಹಲ್ಲಿಗೆ ಬಹಳ ಒಳ್ಳೆಯದು. ಆದರೆ ಬಲ ಜಾಸ್ತಿ ಇರುವ ಜಿರ್ಕೋನಿಯಾದಲ್ಲಿ ಬೆಳಕು ಒಳಗೆ ಹೋಗುವುದು ಕಡಿಮೆ. ನಿಜವಾದ ಮುಂಬಲ್ಲಿನ ತುದಿಯನ್ನು ಕನ್ನಡಿಯಲ್ಲಿ ನೋಡಿ, ಸ್ವಲ್ಪ ಗಾಜಿನ ಹಾಗಿರುತ್ತದೆ. ಅದಿಲ್ಲದಿದ್ದರೆ ಬಣ್ಣದ ಅಂಕಿ ಸರಿಯಿದ್ದರೂ ಹಲ್ಲು ಸತ್ತ ಹಾಗೆ, ಬಳಿದ ಗೋಡೆಯ ಹಾಗೆ ಕಾಣುತ್ತದೆ. ನಿಮ್ಮ ನಾದಿನಿ ಸುಣ್ಣ ಅಂದದ್ದು ಬಹುಶಃ ಇದಕ್ಕೇ. ಕಣ್ಣಿಗೆ ಮೊದಲು ಹೊಡೆಯುವುದು ಹಳದಿಯೋ ಕಂದೋ ಅನ್ನುವುದಲ್ಲ, ಎಷ್ಟು ಹೊಳಪು, ಎಷ್ಟು ಮಂಕು ಅನ್ನುವುದು.

ಇನ್ನೊಂದು ಕಾರಣವನ್ನು ನಮ್ಮ ಕಡೆಯಿಂದ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಇಂಥ ತಪ್ಪು ಮಾಡಿದ್ದೆ. ಸಂಜೆ ಏಳು ಗಂಟೆ, ಟ್ಯೂಬ್‌ಲೈಟ್ ಬೆಳಕು. ಹಲ್ಲು ಅರೆದು, ಅಳತೆ ತೆಗೆದು, ಎಲ್ಲ ಮುಗಿದ ಮೇಲೆ ‘ಅಯ್ಯೋ ಶೇಡ್ ನೋಡಲಿಲ್ಲ’ ಅಂತ ನೆನಪಾಯಿತು. ಅಷ್ಟು ಹೊತ್ತಿಗೆ ಆ ಅಂಗಡಿ ಯಜಮಾನರು ಮುಕ್ಕಾಲು ಗಂಟೆ ಬಾಯಿ ತೆರೆದು ಕೂತಿದ್ದರು. ಹಲ್ಲು ಒಣಗಿದರೆ ಬೆಳ್ಳಗೆ ಕಾಣುತ್ತದೆ, ಒದ್ದೆ ನೆಲ ಒಣಗಿದ ಮೇಲೆ ತಿಳಿಯಾಗುವ ಹಾಗೆ. ಆ ಒಣಗಿದ ಬಣ್ಣಕ್ಕೇ ಹೊಂದಿಸಿ ಬರೆದೆ. ಕ್ಯಾಪ್ ಹಾಕಿ ಕಳಿಸಿದೆ. ಮರುದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಹಲ್ಲು ಕಿರಿದು ತೋರಿಸಿದರು, ಮಾತಾಡಲಿಲ್ಲ. ಇನ್ನೊಂದು ಕ್ಯಾಪ್ ನನ್ನ ಖರ್ಚಿನಲ್ಲೇ ಮಾಡಿಸಿಕೊಟ್ಟೆ.

ಹಾಗಂತ ಎಲ್ಲ ಸಲ ಡಾಕ್ಟರದ್ದೇ ತಪ್ಪು ಅಂತಲ್ಲ. ‘ಹೇಗೂ ಹಾಕ್ತಿದ್ದೀರಿ, ಸ್ವಲ್ಪ ಬೆಳ್ಳಗೇ ಇರಲಿ’ ಅನ್ನುವವರು ನೂರಕ್ಕೆ ಎಷ್ಟೋ ಜನ. ಒಂದು ಮಾತ್ರ ಬೆಳ್ಳಗಿದ್ದರೆ ಉಳಿದದ್ದು ಇನ್ನೂ ಕೊಳೆಯಾಗಿ ಕಾಣುತ್ತದೆ ಅನ್ನುವುದು ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ.

ಈಗ ಮುಂದೇನು ಅಂತ ನೋಡೋಣ. ನಿಮ್ಮ ಮುಂದೆ ನಾಲ್ಕೈದು ದಾರಿ ಇವೆ.

ಸುಮ್ನೆ ಬಿಟ್ಟುಬಿಡುವುದು ಕೂಡ ಒಂದು ದಾರಿ. ವಸಡು ಸರಿಹೋದರೆ, ಬಣ್ಣ ಒಂದನ್ನು ಬಿಟ್ಟು ಹಲ್ಲಿಗೆ ತೊಂದರೆಯೇನಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಮೊದಲು ಹೇಳಿದೆ.

ನೀವು ಕೇಳಿದ ಬ್ಲೀಚಿಂಗ್ ಬಗ್ಗೆ. ಬ್ಲೀಚ್ ಮದ್ದು ನಿಜವಾದ ಹಲ್ಲಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಕ್ಯಾಪಿನ ಬಣ್ಣ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬೇರೆಯವರಿಗೆ ಇದೇ ತಕರಾರು. ನಿಮಗೆ ಮಾತ್ರ ಇದು ಅನುಕೂಲ, ಯಾಕೆಂದರೆ ನಿಮ್ಮ ಕ್ಯಾಪ್ ಈಗಾಗಲೇ ಬೆಳ್ಳಗಿದೆ. ಪಕ್ಕದವು ಅದರ ಹತ್ತಿರಕ್ಕೆ ಬಂದರೆ ಸಾಕು. ಆದರೆ ಫ್ಲೋರೈಡ್ ಹಲ್ಲಿಗೆ ಬರೀ ಬ್ಲೀಚ್ ಸಾಲುವುದಿಲ್ಲ. ಶುರುವಿನಲ್ಲಿ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣಬಹುದು. ಗಾಢ ಕಂದು ಪಟ್ಟೆ ಪೂರ್ತಿ ಹೋಗದೆ ತಿಳಿಯಾಗಿ ನಿಲ್ಲಬಹುದು. ಅದಕ್ಕೇ ನಾನಾದರೆ ಮೊದಲು ಮೈಕ್ರೋಅಬ್ರೇಶನ್ ಮಾಡುತ್ತೇನೆ. ತೆಳುಗೊಳಿಸಿದ ಆಮ್ಲ ಮತ್ತು ನುಣ್ಣನೆ ಪುಡಿ ಬೆರೆಸಿದ ಪೇಸ್ಟಿನಿಂದ ಕಲೆಯಿರುವ ತೀರಾ ತೆಳು ಮೇಲ್ಪದರವನ್ನು ಉಜ್ಜಿ ತೆಗೆಯುವುದು. ಮೇಲ್ಮೇಲಿನ ಕಲೆಗೆ ಇದು ಚೆನ್ನಾಗಿ ಕೇಳುತ್ತದೆ, ಆಳದ್ದಕ್ಕೆ ಕೇಳುವುದಿಲ್ಲ. ಆಮೇಲೆ ಮನೆಯಲ್ಲೇ ರಾತ್ರಿ ಹೊತ್ತು ಮದ್ದು ಹಾಕಿದ ಟ್ರೇಯನ್ನು (ಹಲ್ಲಿನ ಅಳತೆಯ ತೆಳ್ಳನೆ ಅಚ್ಚು) ಹಾಕಿಕೊಂಡು ಮಾಡುವ ಬ್ಲೀಚ್, ಎರಡು ಮೂರು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಉಳಿದ ಬಿಳಿ ಮಚ್ಚೆಗೆ ತೆಳ್ಳನೆ ರಾಳ ಇಳಿಸಿ ಮರೆಮಾಡುವ ವಿಧಾನವೂ ಇದೆ. ಅಪಾಯ ಏನೆಂದರೆ ತೆಗೆದ ಪದರ ಮತ್ತೆ ಬರುವುದಿಲ್ಲ, ಮತ್ತು ಬ್ಲೀಚ್ ನಡೆಯುವ ದಿನಗಳಲ್ಲಿ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನಬಹುದು, ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಬ್ಲೀಚ್ ಮುಂದಕ್ಕೆ ಹಾಕುವುದು ಒಳ್ಳೆಯದು. ನಿಂಬೆರಸಕ್ಕೆ ಸೋಡಾಪುಡಿ ಬೆರೆಸಿ ಉಜ್ಜುವ ಮನೆಮದ್ದು ಮಾತ್ರ ಬೇಡ. ನಿಂಬೆಯ ಹುಳಿ ಹಲ್ಲನ್ನು ಕರಗಿಸುತ್ತದೆ, ಮೊದಲೇ ಪೊಳ್ಳಾಗಿರುವ ನಿಮ್ಮ ಹಲ್ಲನ್ನು ಇನ್ನೂ ಬೇಗ.

ಮೂರನೆಯದು ವಿನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳ್ಳನೆ ಹೊದಿಕೆ. ‘ಆರು ಹಲ್ಲಿಗೂ ವಿನೀರ್ ಹಾಕಿಬಿಡೋಣ, ಎಲ್ಲ ಒಂದೇ ಬಣ್ಣ ಆಗುತ್ತೆ’ ಅಂತ ಯಾರಾದರೂ ಹೇಳಬಹುದು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಗಟ್ಟಿಮುಟ್ಟಾಗಿರುವ ಐದು ಹಲ್ಲುಗಳನ್ನು ಅರೆಯಬೇಕಾಗುತ್ತದೆ, ಫ್ಲೋರೈಡ್ ಹಲ್ಲಿಗೆ ಅಂಟು ಅಷ್ಟು ಭದ್ರವಾಗಿ ಹಿಡಿಯುವುದೂ ಇಲ್ಲ. ಒಂದು ಕ್ಯಾಪಿನ ಬಣ್ಣ ತಪ್ಪಿದ್ದಕ್ಕೆ ಇದು ಮೂಗು ಸೋರಿದರೆ ತಲೆ ಬೋಳಿಸಿದ ಹಾಗೆ. ಮೇಲ್ಪದರ ಕಿತ್ತು ಗುಂಡಿ ಬಿದ್ದಿರುವಷ್ಟು ತೀವ್ರ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲು ಕೆಡುವುದು) ಇದ್ದರೆ ಮಾತು ಬೇರೆ.

ನಾಲ್ಕನೆಯದು ಈ ಕ್ಯಾಪಿನ ಮೇಲೇ ಬಣ್ಣದ ರಾಳ ಹಚ್ಚಿ ಮಂಕು ಮಾಡುವುದು. ಕುಲುಮೆಯಲ್ಲಿ ಬೇಯಿಸಿದ ಬಣ್ಣದಷ್ಟು ಇದು ನಿಲ್ಲುವುದಿಲ್ಲ, ತಿಂಗಳುಗಳ ಲೆಕ್ಕ. ಹಿಡಿಯಲಿ ಅಂತ ಮೇಲ್ಮೈ ಒರಟು ಮಾಡಬೇಕಾದ್ದರಿಂದ ಆಮೇಲೆ ಅಲ್ಲಿ ಕೊಳೆ ಕೂರುತ್ತದೆ. ಹೇಗೂ ಮುಂದೆ ತೆಗೆಯುವ ಕ್ಯಾಪ್ ಆದರೆ, ಒಂದು ಸಮಾರಂಭ ದಾಟಿಸುವುದಕ್ಕೆ ಅಡ್ಡಿಯಿಲ್ಲ.

ಕೊನೆಯದು, ತೆಗೆದು ಹೊಸದು ಹಾಕುವುದು. ಬೇರು ಮುರಿಯುತ್ತದೆ ಅನ್ನುವುದು ಅರ್ಧ ನಿಜ. ಕ್ಯಾಪನ್ನು ಕೊಕ್ಕೆ ಹಾಕಿ ಎಳೆದರೆ, ತಟ್ಟಿ ಕೀಳಲು ಹೋದರೆ ಮುರಿಯಬಹುದು. ಅದರಲ್ಲೂ ನಿಮ್ಮದು ಅರ್ಧ ಮುರಿದು, ರೂಟ್ ಕೆನಾಲ್ ಆಗಿ, ಒಳಗೆ ಕಡ್ಡಿ ಇರುವ ಹಲ್ಲು. ಸರಿಯಾದ ಕ್ರಮ ಅಂದರೆ ಎಳೆಯುವುದಲ್ಲ, ಕತ್ತರಿಸುವುದು. ವಜ್ರದ ಬರ್‌ನಿಂದ (ಕೊರೆಯುವ ಪುಟ್ಟ ತುದಿ) ನೀರು ಹಾಯಿಸುತ್ತಾ ಕ್ಯಾಪನ್ನು ಉದ್ದಕ್ಕೆ ಸೀಳಿ, ಎರಡು ಹೋಳು ಮಾಡಿ ಬಿಡಿಸುತ್ತೇವೆ. ಹಳೆ ಕ್ಯಾಪ್ ಹಾಳಾಗುತ್ತದೆ, ಹಲ್ಲು ಉಳಿಯುತ್ತದೆ. ಜಿರ್ಕೋನಿಯಾ ಕೊಯ್ಯಲು ಹಟ ಮಾಡುತ್ತದೆ, ಒಂದೆರಡು ಬರ್ ಸವೆಯುತ್ತವೆ. ಹಾಗಿದ್ದೂ ಪ್ರತಿ ಸಲ ತೆಗೆದಾಗ ಒಳಗಿನ ಹಲ್ಲು ಚೂರು ಚೂರೇ ಸಣ್ಣದಾಗುತ್ತದೆ, ಕಡ್ಡಿ ಸಡಿಲವಾಗಬಹುದು. ಆದ್ದರಿಂದ ತೆಗೆಯುವ ಮುಂಚೆ ಎಕ್ಸ್‌ರೇ ತೆಗೆದು ಮೂರು ವಿಷಯ ಅಂದಾಜು ಮಾಡಬೇಕು. ರೂಟ್ ಕೆನಾಲ್ ಸರಿಯಾಗಿ ತುಂಬಿದೆಯಾ, ಬೇರಿನ ತುದಿ ಶುದ್ಧವಾಗಿದೆಯಾ, ವಸಡಿನ ಮೇಲೆ ಸುತ್ತಲೂ ಕನಿಷ್ಠ ಒಂದೂವರೆ ಎರಡು ಮಿಲಿಮೀಟರ್ ನಿಜವಾದ ಹಲ್ಲು ಉಳಿದಿದೆಯಾ. ಈ ಮೂರನೆಯದೇ ಮುಖ್ಯ. ಪೀಪಾಯಿಗೆ ಕಬ್ಬಿಣದ ಪಟ್ಟಿ ಇದ್ದ ಹಾಗೆ, ಆ ಉಳಿದ ಹಲ್ಲಿನ ಸುತ್ತ ಕ್ಯಾಪ್ ಬಿಗಿಯಾಗಿ ಹಿಡಿದರೆ ಬೇರು ಸೀಳುವುದಿಲ್ಲ.

ನನ್ನ ಸಲಹೆ ಕೇಳಿದರೆ ಕ್ರಮ ಹೀಗೆ: ಮೊದಲು ವಸಡು, ಆಮೇಲೆ ಪಕ್ಕದ ಹಲ್ಲುಗಳು, ಕಟ್ಟಕಡೆಗೆ ಕ್ಯಾಪ್. ಬ್ಲೀಚ್ ಮುಗಿದ ಮೇಲೆ ಕನಿಷ್ಠ ಎರಡು ವಾರ ಕಾಯಬೇಕು, ಬಣ್ಣ ಒಂದು ಕಡೆ ನಿಲ್ಲಲಿ. ಆಗಲೂ ಅಂತರ ಕಂಡರೆ ಮಾತ್ರ ಹೊಸ ಕ್ಯಾಪ್. ಕೆಲವರಿಗೆ ಅಲ್ಲಿವರೆಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಹೊಸ ಕ್ಯಾಪ್ ಅಂತ ತೀರ್ಮಾನವಾದರೆ, ಶೇಡ್ ನೋಡುವ ದಿನವನ್ನು ನೀವೇ ಸ್ವಲ್ಪ ಹಟ ಹಿಡಿದು ಸರಿಯಾಗಿ ಮಾಡಿಸಿಕೊಳ್ಳಿ. ಮ್ಯಾಚಿಂಗ್ ಸೆಂಟರ್‌ಗೆ ಹೋದಾಗ ಏನು ಮಾಡುತ್ತೀರಿ? ಬ್ಲೌಸ್ ಪೀಸನ್ನು ಸೀರೆ ಪಕ್ಕ ಹಿಡಿದು, ಅಂಗಡಿಯವನು ‘ಸೂಪರ್ ಮ್ಯಾಚ್ ಅಕ್ಕಾ’ ಅಂದರೂ ನಂಬದೆ, ಬಾಗಿಲ ಹತ್ತಿರ ಹೋಗಿ ಬಿಸಿಲಲ್ಲಿ ಹಿಡಿದು ನೋಡುತ್ತೀರಿ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡದ್ದು ಹೊರಗೆ ಬೇರೆಯಾಗುತ್ತದೆ ಅಂತ ನಿಮಗೆ ಗೊತ್ತು. ಹಲ್ಲಿಗೂ ಅದೇ ನಿಯಮ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೋಗಿ. ಲಿಪ್‌ಸ್ಟಿಕ್ ಬೇಡ. ಗಾಢ ಬಣ್ಣದ ಸೀರೆ ಉಟ್ಟಿದ್ದರೆ ಮೇಲೆ ಬೂದು ಬಣ್ಣದ ಬಟ್ಟೆ ಹೊದಿಸಲು ಹೇಳಿ, ಸೀರೆಯ ಬಣ್ಣ ನೋಡುವವರ ಕಣ್ಣನ್ನು ದಾರಿ ತಪ್ಪಿಸುತ್ತದೆ. ಕುರ್ಚಿಯ ಮೇಲೆ ಕೂತ ಕೂಡಲೇ, ಇಂಜೆಕ್ಷನ್‌ಗೂ ಮುಂಚೆ, ಹಲ್ಲು ಒದ್ದೆಯಿರುವಾಗಲೇ ಶೇಡ್ ನೋಡಬೇಕು. ಕಿಟಕಿ ಬೆಳಕಿನಲ್ಲಿ, ನೇರ ಬಿಸಿಲಲ್ಲಿ ಅಲ್ಲ. ಒಂದು ಸಲಕ್ಕೆ ಐದಾರು ಸೆಕೆಂಡ್ ಮಾತ್ರ. ದಿಟ್ಟಿಸುತ್ತಾ ಇದ್ದರೆ ಕಣ್ಣು ದಣಿದು ಎಲ್ಲ ಒಂದೇ ಥರ ಕಾಣಲು ಶುರುವಾಗುತ್ತದೆ. ಡಾಕ್ಟರು ಕಣ್ಣು ಅರೆಮುಚ್ಚಿ ನೋಡಿದರೆ ನಗಬೇಡಿ, ಹೊಳಪು-ಮಂಕಿನ ವ್ಯತ್ಯಾಸ ಹಾಗೆ ಚೆನ್ನಾಗಿ ಗೊತ್ತಾಗುತ್ತದೆ.

ಮತ್ತೆ ಫೋಟೋ. ಶೇಡ್ ಗೈಡಿನ ಪುಟ್ಟ ಹಲ್ಲನ್ನು ನಿಮ್ಮ ಹಲ್ಲಿನ ಪಕ್ಕದಲ್ಲೇ ಹಿಡಿದು, ಎರಡೂ ಒಂದೇ ಫೋಟೋದಲ್ಲಿ ಬರಬೇಕು. ಬರೀ ಹಲ್ಲಿನ ಫೋಟೋ ಕಳಿಸಿದರೆ ಪ್ರಯೋಜನವಿಲ್ಲ, ಪ್ರತಿ ಫೋನೂ ತನಗೆ ತೋಚಿದ ಬಣ್ಣ ಹಾಕುತ್ತದೆ. ಅರೆದ ಮೇಲೆ ಒಳಗೆ ಉಳಿದ ಹಲ್ಲಿನ ಬಣ್ಣವನ್ನೂ ಲ್ಯಾಬಿಗೆ ತಿಳಿಸಬೇಕು. ರೂಟ್ ಕೆನಾಲ್ ಆದ ಹಲ್ಲು ಕಪ್ಪಿಟ್ಟಿದ್ದರೆ, ಕಡ್ಡಿ ಲೋಹದ್ದಾಗಿದ್ದರೆ, ಗಾಜಿನಂಥ ಕ್ಯಾಪ್ ಹಾಕಿದಾಗ ಬೂದು ನೆರಳು ಹೊರಗೆ ಬರುತ್ತದೆ. ಬಿಳಿ ಫೈಬರ್ ಕಡ್ಡಿಯಾದರೆ ಆ ತೊಂದರೆಯಿಲ್ಲ. ನಿಮಗೆ ಯಾವುದು ಹಾಕಿದ್ದಾರೆ ಕೇಳಿ.

ಇವೆಲ್ಲಕ್ಕಿಂತ ಕೆಲಸ ಮಾಡುವುದು ಲ್ಯಾಬಿನವರು ಖುದ್ದು ಬಂದು ನೋಡುವುದು. ಮುಂಬಲ್ಲು ಒಂದೇ ಒಂದು ಮಾಡಬೇಕಾದಾಗ ನಮ್ಮ ಲ್ಯಾಬಿನ ಹುಡುಗನನ್ನು ನಾನು ಕರೆಸುತ್ತೇನೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದಿಲ್ಲ. ಅವನು ಕ್ಯಾಪನ್ನು ಕೊನೇ ಸಲ ಬೇಯಿಸುವ ಮುಂಚೆ ತರುತ್ತಾನೆ, ಬಾಯಲ್ಲಿ ಕೂರಿಸುತ್ತಾನೆ, ವರಾಂಡಕ್ಕೆ ಕರೆದುಕೊಂಡು ಹೋಗಿ ನೋಡುತ್ತಾನೆ. ಆಮೇಲೆ ನಾಲ್ಕೈದು ಕೂದಲಿನ ಕುಂಚ ತೆಗೆದು, ಪುಟ್ಟ ಬಿಲ್ಲೆಯಲ್ಲಿ ಕಂದು ಕಲಸಿ, ಪಕ್ಕದ ಹಲ್ಲಿನ ಗೆರೆ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಹೊಸದರ ಮೇಲೆ ಗೆರೆ ಎಳೆಯುತ್ತಾನೆ. ಒಂದು ಬಿಳಿ ಮಚ್ಚೆ, ಎರಡು ಚುಕ್ಕೆ. ಬಾಗೇಪಲ್ಲಿ ಕಡೆಯ ಒಬ್ಬರು ಇದನ್ನು ನೋಡುತ್ತಾ ಕೂತಿದ್ದು, ‘ಏನ್ ಡಾಕ್ಟ್ರೇ, ದುಡ್ಡು ಕೊಟ್ಟು ಕಲೆ ಹಾಕಿಸ್ಕೋಬೇಕಾ?’ ಅಂದಿದ್ದರು. ಹೌದು, ದುಡ್ಡು ಅದಕ್ಕೇ ಕೊಡುವುದು. ಬೇಯಿಸಿ ತಂದು ಹಾಕಿದ ಮೇಲೆ ಅವರ ಹೆಂಡತಿ ಯಾವ ಹಲ್ಲು ಹೊಸದು ಅಂತ ತಪ್ಪಾಗಿ ತೋರಿಸಿದರು.

ಈ ಕೆಲಸವೆಲ್ಲ ಅಂಟಿಸುವ ಮುಂಚೆ ಮಾತ್ರ ಸಾಧ್ಯ. ಆದ್ದರಿಂದ ಕ್ಯಾಪನ್ನು ಸುಮ್ಮನೆ ಕೂರಿಸಿದಾಗ ಕನ್ನಡಿ ಕೇಳಿ ಪಡೆದು, ಕಿಟಕಿ ಹತ್ತಿರ ಹೋಗಿ, ಜೊತೆಗೆ ಬಂದವರನ್ನೂ ಕರೆದು ನೋಡಿ. ಇಷ್ಟವಾಗದಿದ್ದರೆ ಅಲ್ಲೇ ಹೇಳಿ. ‘ಹೂಂ ಚೆನ್ನಾಗಿದೆ’ ಅಂತ ಮುಲಾಜಿಗೆ ಹೇಳಿ, ಮನೆಗೆ ಹೋಗಿ ಅಳುವವರೇ ಜಾಸ್ತಿ. ಮುಲಾಜು ನೋಡಬೇಡಿ.

ಗ್ಯಾರಂಟಿ ಕಾರ್ಡನ್ನು ಒಂದು ಸಲ ಪೂರ್ತಿ ಓದಿ. ಅದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ, ಬಿರುಕು ಬಿಟ್ಟರೆ ಅನ್ನುವುದಕ್ಕೆ. ಬಣ್ಣಕ್ಕೆ, ಒಳಗಿನ ಹಲ್ಲಿಗೆ, ವಸಡಿಗೆ ಅಲ್ಲ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಅದರ ಅಂಚಿನ ಕೆಳಗಿರುವ ನಿಮ್ಮ ಹಲ್ಲಿಗೆ ಹಿಡಿಯುತ್ತದೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರವಿಲ್ಲ, ಹುಳುಕಾದರೆ ನೋವೇ ಬರುವುದಿಲ್ಲ. ಒಂದು ದಿನ ಕ್ಯಾಪ್ ಹಲ್ಲಿನ ಸಮೇತ ಕೈಗೆ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕ್ಯಾಪ್ 10-15 ವರ್ಷ ಬರುವುದು ಅಪರೂಪವೇನಲ್ಲ. ಬೇಗ ಹಾಳಾಗುವವು ಹೆಚ್ಚಿನ ಸಲ ಅಂಚಿನಲ್ಲೇ ಹಾಳಾಗುತ್ತವೆ.

ಆ ಅಂಚನ್ನು ನೋಡಿಕೊಳ್ಳಲು ಬ್ರಷ್ ಜೊತೆಗೆ ದಿನಕ್ಕೊಮ್ಮೆ ಹಲ್ಲಿನ ಸಂದಿ ಶುಚಿಮಾಡುವ ಫ್ಲಾಸ್ ದಾರ ಸಾಕು. ದಾರ ಹಾಕಿದರೆ ಕ್ಯಾಪ್ ಕಿತ್ತು ಬರುತ್ತದೆ ಅನ್ನುವುದು ಸುಳ್ಳು. ಭದ್ರವಾಗಿ ಅಂಟಿಸಿದ ಕ್ಯಾಪ್ ದಾರಕ್ಕೆ ಬರುವುದಿಲ್ಲ, ಬಂದರೆ ಅದು ಮೊದಲೇ ಸಡಿಲವಾಗಿತ್ತು. ತಾತ್ಕಾಲಿಕ ಪ್ಲಾಸ್ಟಿಕ್ ಕ್ಯಾಪ್ ಇರುವ ದಿನಗಳಲ್ಲಿ ಮಾತ್ರ ದಾರವನ್ನು ಕೆಳಕ್ಕೆ ಜಗ್ಗದೆ ಪಕ್ಕಕ್ಕೆ ಎಳೆದು ತೆಗೆಯಿರಿ, ಚಿಕ್ಕಿ, ಹಲ್ವ ದೂರವಿಡಿ. ಇದ್ದಿಲ ಪುಡಿ, ಒರಟು ಹಲ್ಲುಪುಡಿ ಬೇಡ, ಕ್ಯಾಪಿನ ಹೊಳಪು ಹೋದರೆ ಕರೆ ಕೂರಲು ಜಾಗ ಸಿಗುತ್ತದೆ. ಎಲ್ಲಾದರೂ ಫ್ಲೋರೈಡ್ ಜೆಲ್ ಹಚ್ಚಲು ಬಂದರೆ ಕ್ಯಾಪ್ ಇದೆ ಅಂತ ಮೊದಲೇ ಹೇಳಿ. ಆಮ್ಲ ಬೆರೆತ ಜೆಲ್ ಪಿಂಗಾಣಿಯನ್ನು ತಿನ್ನುತ್ತದೆ, ಆಮ್ಲವಿಲ್ಲದ್ದೂ ಸಿಗುತ್ತದೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ) ಮಾಡಿಸಿಕೊಳ್ಳಿ.

ಮುದ್ದೆ ಧಾರಾಳವಾಗಿ ತಿನ್ನಿ. ಅದು ನುಂಗುವುದು ತಾನೇ, ನಿಮ್ಮ ಮುಂಬಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಚಕ್ಕುಲಿಯನ್ನು ಮುರಿದು ಪಕ್ಕದ ಹಲ್ಲಿಗೆ ಹಾಕಿಕೊಳ್ಳಿ. ಕಬ್ಬು ಸಿಗಿಯುವುದು, ಸೀಬೆಕಾಯಿಯನ್ನು ಇಡಿಯಾಗಿ ಕಚ್ಚುವುದು, ಮೂಳೆ ಚೀಪುವಾಗ ಮುಂದಿನಿಂದ ಎಳೆಯುವುದು ಬೇಡ. ಅದಕ್ಕಿಂತ ಮುಖ್ಯ, ಹೂ ಕಟ್ಟಿ ಮುಗಿಸಿ ದಾರವನ್ನು ಹಲ್ಲಲ್ಲಿ ಕಡಿಯುವುದು, ಹೇರ್‌ಪಿನ್ ಹಲ್ಲಲ್ಲಿ ಅಗಲಿಸುವುದು. ಮದುವೆ ಮನೆಯಲ್ಲಿ ಎರಡೂ ಇರುತ್ತದೆ, ಕತ್ತರಿ ಜೊತೆಗಿಟ್ಟುಕೊಳ್ಳಿ. ಅಕಸ್ಮಾತ್ ಕ್ಯಾಪ್ ಕಿತ್ತು ಬಂದರೆ ಫೆವಿಕ್ವಿಕ್ ಹಾಕಿ ಕೂರಿಸಬೇಡಿ. ಹೀಗೆ ಮಾಡಿಕೊಂಡು ಬಂದವರ ಕ್ಯಾಪ್ ಬಿಡಿಸಿ ನನಗೆ ಸಾಕಾಗಿದೆ. ಚಿಕ್ಕ ಡಬ್ಬಿಯಲ್ಲಿ ಹಾಕಿ ಒಂದೆರಡು ದಿನದೊಳಗೆ ತನ್ನಿ, ತಡಮಾಡಿದರೆ ಪಕ್ಕದ ಹಲ್ಲು ಸರಿದು ಅದು ಕೂರುವುದಿಲ್ಲ. ಆ ಹಲ್ಲಿನ ಮೇಲಿನ ವಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದರೆ, ಕಚ್ಚಿದರೆ ನೋವಾದರೆ, ಕ್ಯಾಪ್ ಅಲ್ಲಾಡಿದರೆ ಮುಂದಿನ ತಿಂಗಳು ನೋಡೋಣ ಅನ್ನಬೇಡಿ.

ಮದುವೆಗೆ ಎರಡು ತಿಂಗಳು ಅಂದಿರಿ. ವಸಡು ಮಾಯಲು ಎರಡು ಮೂರು ವಾರ, ಬ್ಲೀಚಿಗೆ ಮೂರು, ಆಮೇಲೆ ಕಾಯಲು ಎರಡು. ಅಲ್ಲಿಗೆ ತಿಂಗಳೆರಡೂ ಮುಗಿಯಿತು. ಹಾಗಾಗಿ ಮದುವೆಗೆ ಮುಂಚೆ ಈ ಕ್ಯಾಪ್ ತೆಗೆಸಲು ಹೋಗಬೇಡಿ. ಅವಸರದ ಕೆಲಸದಲ್ಲಿ ಬಣ್ಣ ಇನ್ನೊಂದು ಸಲ ತಪ್ಪುತ್ತದೆ, ಇಲ್ಲವೇ ತಾಳಿ ಕಟ್ಟುವ ಹೊತ್ತಿಗೆ ತಾತ್ಕಾಲಿಕ ಕ್ಯಾಪ್ ಕಳಚುತ್ತದೆ. ವಸಡು ಮತ್ತು ಪಕ್ಕದ ಹಲ್ಲಿನ ಕಲೆ, ಇವೆರಡನ್ನು ಅಷ್ಟರಲ್ಲಿ ಮಾಡಿಸಿ. ಹೊಸ ಕ್ಯಾಪ್ ಬೇಕಾ ಬೇಡವಾ ಅನ್ನುವುದು ಮದುವೆ ಆದಮೇಲೆ.

ಡಾಕ್ಟರ ಹತ್ತಿರ ಹೋಗುವಾಗ ಹಳೇ ಎಕ್ಸ್‌ರೇ, ಗ್ಯಾರಂಟಿ ಕಾರ್ಡ್ ಜೊತೆಗೆ ಇನ್ನೊಂದು ತಗೊಂಡು ಹೋಗಿ: ಬೀಳುವುದಕ್ಕೆ ಮುಂಚೆ ಯಾವುದಾದರೂ ನಾಮಕರಣದಲ್ಲೋ ಜಾತ್ರೆಯಲ್ಲೋ ನೀವು ಬಾಯಿತುಂಬ ನಕ್ಕಿರುವ ಫೋಟೋ. ಮುರಿದ ಹಲ್ಲು ಎಷ್ಟು ಉದ್ದ ಇತ್ತು, ಸ್ವಲ್ಪ ತಿರುಗಿತ್ತಾ, ಕಂದು ಗೆರೆ ಅದರ ಮೇಲೆ ಎಲ್ಲಿ ಹಾದುಹೋಗಿತ್ತು, ಲ್ಯಾಬಿನವರಿಗೆ ಬೇಕಾದದ್ದೆಲ್ಲ ಅದರಲ್ಲಿ ಇರುತ್ತದೆ.